ನೈಟ್ ಡ್ಯೂಟಿ ಮನೆಗೆ ಬಂದ ಕೂಸು

ನಮ್ಮ ಪಕ್ಕದ ಮನೆಯ ಏಕಾಂತಣ್ಣನನ್ನು ಬಿಸಿಲಿನಲ್ಲಿ ಕಂಡವರು ಚಿಕ್ಕಜಾಜೂರಿನಲ್ಲಿ ಕಡಿಮೆ. ಅವನ ಮದುವೆಯ ಫೋಟೋದಲ್ಲೂ ಅವನು ಕಣ್ಣು ಮುಚ್ಚಿಕೊಂಡೇ ಕೂತಿದ್ದಾನೆ. ಅದು ಫೋಟೋದವನ ತಪ್ಪು ಎಂದು ಹೆಂಡತಿ ಕೊಟ್ರಕ್ಕ ಈಗಲೂ ವಾದಿಸುತ್ತಾಳೆ. ಪಾಪ, ಫೋಟೋದವನದೇನೂ ತಪ್ಪಿಲ್ಲ. ಮುಹೂರ್ತ ಇದ್ದದ್ದು ಬೆಳಗಿನ ಹೊತ್ತು, ಮದುಮಗ ರಾತ್ರಿ ಡ್ಯೂಟಿ ಮುಗಿಸಿ ನೆಟ್ಟಗೆ ಮಂಟಪಕ್ಕೆ ಬಂದಿದ್ದ. ತಾಳಿ ಕಟ್ಟುವ ಹೊತ್ತಿಗೆ ಯಾರೋ ಪಕ್ಕೆಗೆ ತಿವಿದು ಎಬ್ಬಿಸಬೇಕಾಯಿತಂತೆ.

ಏಕಾಂತಣ್ಣ ರೈಲ್ವೆಯಲ್ಲಿ ಗೇಟ್‌ಮ್ಯಾನ್ ಆಗಿದ್ದ. ಊರಾಚೆ ಹೊಲಗಳ ನಡುವೆ ಅವನ ಗೇಟು. ಆ ಕೆಲಸಕ್ಕೆ ಪಾಳಿ ಇರುತ್ತದೆ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ಈ ಪುಣ್ಯಾತ್ಮ ಮಾತ್ರ ಜೊತೆಯವರ ರಾತ್ರಿ ಪಾಳಿಯನ್ನೆಲ್ಲ ಕೇಳಿ ಕೇಳಿ ಇಸಿದುಕೊಳ್ಳುತ್ತಿದ್ದ. ಅವರೂ ಪ್ರಸಾದ ಹಂಚಿದ ಹಾಗೆ ಹಂಚುತ್ತಿದ್ದರು. ಯಾಕಣ್ಣ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ. ಹಗಲು ಗೇಟು ಹಾಕಿದರೆ ಟ್ರ್ಯಾಕ್ಟರಿನವನು ನನ್ನ ಅಪ್ಪನನ್ನು ಬೈಯುತ್ತಾನೆ, ಬೈಕಿನವನು ಅಮ್ಮನನ್ನು ಬೈಯುತ್ತಾನೆ, ಲಾರಿಯವನು ಇಬ್ಬರನ್ನೂ ಸೇರಿಸಿ ಬೈಯುತ್ತಾನೆ. ರಾತ್ರಿಯ ರೈಲು ಯಾರನ್ನೂ ಬೈಯದೆ ತನ್ನ ಪಾಡಿಗೆ ಹೋಗುತ್ತದೆ ಎಂದ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ನಾಲ್ಕು ಜನರ ಬೈಗುಳಕ್ಕೆ ಹೆದರಿ ಸೂರ್ಯನನ್ನೇ ಬಿಟ್ಟ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಾನು ಯಶೋದಾ, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಅವರಿಗೂ ನಮಗೂ ನಡುವೆ ಇರುವುದು ಒಂದೇ ಗೋಡೆ. ಆಚೆ ಯಾರಾದರೂ ಸೀನಿದರೆ ಈಚೆಯಿಂದ ನಾವು ಚಿರಂಜೀವಿ ಅನ್ನಬಹುದು. ಮೊದಲು ನನ್ನ ಮಿಷನ್ ಆ ಗೋಡೆಗೆ ತಾಗಿಕೊಂಡಿತ್ತು. ಅದರ ಸದ್ದಿಗೆ ಯಜಮಾನರಿಗೆ ಎಚ್ಚರವಾಗುತ್ತದೆಂದು ಕೊಟ್ರಕ್ಕ ಬಂದು ಕೈಮುಗಿದಳು. ಮಿಷನ್ನು ಅಡುಗೆಮನೆಗೆ ಹೋಯಿತು, ಅಂದಿನಿಂದ ನಾನು ಹೊಲಿದ ರವಿಕೆಗಳಿಗೆಲ್ಲ ಒಗ್ಗರಣೆಯ ವಾಸನೆ. ಈ ಸಿಟ್ಟು ನನಗೆ ಇನ್ನೂ ಇದೆ, ಮುಚ್ಚಿಡುವುದಿಲ್ಲ.

ಆ ಮನೆಯೇ ಹಾಗೆ, ಇಡೀ ಮನೆಗೆ ನೈಟ್ ಡ್ಯೂಟಿ. ಕಿಟಕಿಗಳಿಗೆ ಗೋಣಿಚೀಲ ಬಡಿದಿದ್ದರು. ಹಗಲು ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಮರುದಿನದ ಚಟ್ನಿಯನ್ನು ಕೊಟ್ರಕ್ಕ ಅವನು ಡ್ಯೂಟಿಗೆ ಹೊರಟ ಮೇಲೆ ರುಬ್ಬುತ್ತಿದ್ದಳು. ತರಕಾರಿ ಗಾಡಿಯವರು ಆ ಬಾಗಿಲ ಮುಂದೆ ಬಂದಾಗ ಬಾಯಿ ಮುಚ್ಚಿಕೊಂಡು ದಾಟಿ, ನಮ್ಮ ಬಾಗಿಲಿಗೆ ಬಂದು ಎರಡು ಮನೆಯ ಕೂಗು ಕೂಗುತ್ತಿದ್ದರು. ಒಬ್ಬಳೇ ಮಗಳು ಸಹನಾ. ಆ ಹುಡುಗಿ ಕೈಸನ್ನೆಯಲ್ಲಿ ನೀರು ಕೇಳುವುದನ್ನು ಮಾತಿಗಿಂತ ಮೊದಲು ಕಲಿತಳು. ನಗು ಬಂದರೆ ಬಾಯಿ ಒತ್ತಿಕೊಂಡು ನಮ್ಮ ಮನೆಗೆ ಓಡಿ ಬಂದು, ಹೊಟ್ಟೆ ತುಂಬ ನಕ್ಕು, ವಾಪಸು ಹೋಗುತ್ತಿದ್ದಳು. ಬೆಳಿಗ್ಗೆ ಅಪ್ಪ ಬರುವ ಹೊತ್ತಿಗೆ ಅವಳು ಶಾಲೆಗೆ ಹೊರಟಿರುತ್ತಿದ್ದಳು. ಸಂಜೆ ಅವನು ಎದ್ದು, ಸ್ನಾನ, ಲಿಂಗಪೂಜೆ, ಊಟ ಮುಗಿಸಿ, ಡಬ್ಬಿ ಹಿಡಿದು ಸೈಕಲ್ ಹತ್ತುವ ಹೊತ್ತಿಗೆ ಅವಳು ಆಟಕ್ಕೋ ಟ್ಯೂಷನ್ನಿಗೋ ಹೋಗಿರುತ್ತಿದ್ದಳು. ರಜೆಯ ದಿನ ಅವನು ಹಗಲೂ ಮಲಗುತ್ತಿದ್ದ, ಬಾಕಿ ನಿದ್ದೆ ಎಂದು. ಹೀಗೆಯೇ ಒಂದೇ ಸೂರಿನ ಕೆಳಗೆ ಆ ಹುಡುಗಿ ಬೆಳೆದು, ಓದಿ, ಹೊಸದುರ್ಗದ ಬೀಜ ಗೊಬ್ಬರದ ಅಂಗಡಿಯ ಗುರುರಾಜನನ್ನು ಮದುವೆಯಾಗಿ ಹೋದಳು.

ಆಮೇಲೆ ಏಕಾಂತಣ್ಣನಿಗೆ ರಿಟೈರ್ ಆಯಿತು. ಹಾರ ಹಾಕಿದರು, ಶಾಲು ಹೊದಿಸಿದರು. ಆ ಶಾಲನ್ನೂ ಅವನು ಕಿಟಕಿಗೆ ಕಟ್ಟಿದ. ಕೆಲಸ ಹೋದರೂ ಕಣ್ಣಿಗೆ ಅದು ತಿಳಿಯಲಿಲ್ಲ. ಕೋಳಿ ಕೂಗಿದರೆ ಆಕಳಿಕೆ, ದೀಪ ಹಚ್ಚಿದರೆ ಎಚ್ಚರ. ಊರೆಲ್ಲ ಮಲಗಿದ ಮೇಲೆ ಪಡಸಾಲೆಯ ಬಲ್ಬು ಹಾಕಿ, ಮಂಕಿ ಟೋಪಿ ಏರಿಸಿ, ಟೀ ಕಾಸಿ, ಅಂಗಳ ಗುಡಿಸುವುದು, ಹುರುಳಿಕಾಯಿ ಬಿಡಿಸುವುದು, ಬಾಗಿಲ ಕೀಲಿಗೆ ಎಣ್ಣೆ ಬಿಡುವುದು. ನಮ್ಮ ಬೀದಿಗೆ ಕಳ್ಳರು ಬಾರದೆ ವರ್ಷಗಳಾದವು. ಬಂದರೆ ಟೀ ಕೊಟ್ಟು ಕೂರಿಸಿ ಅದಿರಿನ ಗೂಡ್ಸ್ ಗಾಡಿಗಳ ವಿಷಯ ಹೇಳುತ್ತಾನೆಂದು ಕಳ್ಳರಿಗೂ ಗೊತ್ತಿರಬೇಕು.

ಇಂಥ ಮನೆಗೆ ಸಹನಾ ಬಾಣಂತನಕ್ಕೆ ಬಂದಳು. ಚಿತ್ರದುರ್ಗದಲ್ಲಿ ಹೆರಿಗೆಯಾಗಿ, ಹೆಣ್ಣು ಕೂಸನ್ನು ಎತ್ತಿಕೊಂಡು ಕಾರಿನಿಂದ ಇಳಿದಾಗ ಬೀದಿಯೆಲ್ಲ ಸೇರಿತ್ತು. ಅಜ್ಜ ಒಳಗೆ ಮಲಗಿದ್ದ. ಬಾಣಂತಿ ಕೋಣೆಗೆ ಗಾಳಿ ಬೆಳಕು ಸೋಕಬಾರದು ಎಂಬುದು ನಮ್ಮ ಕಡೆಯ ಶಾಸ್ತ್ರ. ಬೇರೆ ಮನೆಗಳಲ್ಲಿ ಅದಕ್ಕಾಗಿ ಕಿಟಕಿಗೆ ಕಂಬಳಿ ಹುಡುಕಬೇಕು, ಸಂದಿಗೆ ಬಟ್ಟೆ ತುರುಕಬೇಕು. ಕೊಟ್ರಕ್ಕನ ಮನೆಯಲ್ಲಿ ಅದೆಲ್ಲ ಮೊದಲೇ ಸಿದ್ಧ. ಇಷ್ಟು ವರ್ಷ ಗಂಡನಿಗಾಗಿ ಕತ್ತಲಲ್ಲಿ ಬದುಕಿದ್ದು ಕೊನೆಗೂ ಕೆಲಸಕ್ಕೆ ಬಂತೆಂದು ಅವಳಿಗೆ ಹೆಮ್ಮೆಯೋ ಹೆಮ್ಮೆ. ಬಂದವರನ್ನೆಲ್ಲ ಕೋಣೆಗೆ ಕರೆದೊಯ್ದು ತೋರಿಸಿದಳು. ಏನೂ ಕಾಣಿಸಲಿಲ್ಲ. ಅದೇ ಅದರ ಹೆಚ್ಚುಗಾರಿಕೆ ಎಂದಳು.

ಕೂಸು ಹಗಲೆಲ್ಲ ಮಲಗಿತು. ಎಣ್ಣೆ ನೀರು ಎರೆದು, ಲೋಬಾನದ ಹೊಗೆ ಹಾಕಿ, ಬಿಗಿಯಾಗಿ ಸುತ್ತಿ ಮಲಗಿಸಿದರೆ ಸಂಜೆಯವರೆಗೆ ಸದ್ದಿಲ್ಲ. ನೋಡಲು ಬಂದವರೆಲ್ಲ ಚಿನ್ನದಂಥ ಕೂಸು, ಇದ್ದದ್ದೇ ಗೊತ್ತಾಗುವುದಿಲ್ಲ ಎಂದು ಹೊಗಳಿ, ತಾಯಿಗೆ ಅಂಟಿನುಂಡೆ ಕೊಟ್ಟು, ತಾವೂ ಎರಡು ತಿಂದು ಹೋದರು. ಹಾಗೆ ಹೊಗಳಿದವರು ಒಬ್ಬರಾದರೂ ರಾತ್ರಿ ಉಳಿದುಕೊಳ್ಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೂಸು ಕಣ್ಣು ಬಿಡುತ್ತಿತ್ತು. ಮಿಕ್ಸಿ ಶುರುವಾಗುತ್ತಿತ್ತು, ಕುಕ್ಕರ್ ಕೂಗುತ್ತಿತ್ತು, ಅಜ್ಜ ಕೆಮ್ಮುತ್ತ ಏಳುತ್ತಿದ್ದ. ಆ ಕೂಸಿನ ಲೆಕ್ಕದಲ್ಲಿ ಆಗ ಬೆಳಗಾಯಿತು. ಅಲ್ಲಿಂದ ಹಾಲಿನವನು ಬರುವವರೆಗೆ ಅದು ಆಡುತ್ತಿತ್ತು, ಅಳುತ್ತಿತ್ತು, ಕುಡಿಯುತ್ತಿತ್ತು, ಮತ್ತೆ ಅಳುತ್ತಿತ್ತು. ಗೋಡೆಯ ಈಚೆ ನಾನೂ ಏಳುತ್ತಿದ್ದೆ, ನನ್ನ ಗಂಡನೂ ಏಳುತ್ತಿದ್ದ. ಚಿರಂಜೀವಿ ಅನ್ನುವ ಮನಸ್ಸು ಮಾತ್ರ ಯಾರಿಗೂ ಬರಲಿಲ್ಲ.

ಕೊಟ್ರಕ್ಕ ಇದನ್ನು ದೃಷ್ಟಿ ಎಂದಳು. ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರಲ್ಲ, ನೋಡು ಘಾಟೇ ಇಲ್ಲ, ಎಷ್ಟು ಜನರ ಕಣ್ಣು ಬಿದ್ದಿತ್ತೋ ಎಂದು ಕಣ್ಣಲ್ಲಿ ನೀರು ಸುರಿಸಿಕೊಂಡು, ಕೆಮ್ಮುತ್ತಲೇ ಹೇಳಿದಳು. ಮಠದಿಂದ ವಿಭೂತಿ ಬಂತು, ಕೂಸಿನ ಕೈಗೆ ಬಜೆ ಬೇರು ಬಂತು, ಸೊಂಟಕ್ಕೆ ಯಂತ್ರ ಬಂತು. ಇಷ್ಟೆಲ್ಲ ಆಭರಣ ತೊಟ್ಟು ಕೂಸು ರಾತ್ರಿ ಇನ್ನೂ ಹುರುಪಾಯಿತು.

ಸಹನಾ ಫೋನಿನಲ್ಲಿ ಓದಿಕೊಂಡಿದ್ದಳು, ದುರ್ಗದ ಡಾಕ್ಟರೂ ಅದನ್ನೇ ಹೇಳಿದ್ದರಂತೆ. ಹುಟ್ಟಿದ ಕೂಸಿಗೆ ಹಗಲು ಯಾವುದು ರಾತ್ರಿ ಯಾವುದು ಗೊತ್ತಿರುವುದಿಲ್ಲ, ನಾವು ಕಲಿಸಬೇಕು. ಹಗಲು ಬೆಳಕು ಬರಲಿ, ಮನೆಯ ಸದ್ದು ಕೇಳಲಿ, ಎಚ್ಚರವಿದ್ದಾಗ ಮಾತಾಡಿಸಬೇಕು. ರಾತ್ರಿ ದೀಪ ಸಣ್ಣದು ಮಾಡಿ, ಮಾತಿಲ್ಲದೆ ಹಾಲು ಕುಡಿಸಿ, ಬಟ್ಟೆ ಬದಲಿಸಿ ಮಲಗಿಸಬೇಕು. ಇಷ್ಟೇ. ಇದನ್ನು ಕೇಳಿ ಕೊಟ್ರಕ್ಕ ಬಾಯಿಗೆ ಸೆರಗು ಹಿಡಿದಳು. ಬಾಣಂತಿಗೆ ಶೀತ ಹತ್ತುತ್ತದೆ, ಕೂಸಿನ ಕಣ್ಣು ಹೋಗುತ್ತದೆ, ನೋಡಿದವರು ಏನಂದಾರು ಎಂದಳು. ಸಹನಾ ಕೇಳಲಿಲ್ಲ. ಬೆಳಿಗ್ಗೆ ಕೋಣೆಯ ಕಿಟಕಿಯ ಗೋಣಿಚೀಲ ಎತ್ತಿ ಕಟ್ಟಿದಳು. ಊಟ ಮಾಡಿ ಒಂದು ಜೊಂಪು ಹತ್ತಿ ಏಳುವಷ್ಟರಲ್ಲಿ ಚೀಲ ಮತ್ತೆ ಇಳಿದಿತ್ತು, ಕೂಸು ಕತ್ತಲಲ್ಲಿ ಗೊರಕೆ ಹೊಡೆಯುತ್ತಿತ್ತು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ತಾಯಿ ಮಗಳಿಗೆ ಜಗಳವಾಯಿತು. ಚೀಲ ಇಳಿಸಿದ್ದು ನಾನಲ್ಲ ಎಂದು ಕೊಟ್ರಕ್ಕ ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದಳು. ಲಿಂಗ ಮುಟ್ಟಿ ಸುಳ್ಳು ಹೇಳುವಷ್ಟು ಮುಂದುವರಿದೆಯಾ ಎಂದು ಮಗಳು ಕೇಳಿದಳು. ಅಲ್ಲಿಂದ ಅವರಿಬ್ಬರಿಗೆ ಮಾತು ನಿಂತಿತು.

ಮಾತು ನಿಂತದ್ದಲ್ಲ ದೊಡ್ಡ ವಿಷಯ. ಆ ಹುಡುಗಿ ಸವೆದುಹೋಗಿದ್ದಳು. ಹಗಲು ನೋಡಲು ಬಂದವರು ಮಲಗಗೊಡುತ್ತಿರಲಿಲ್ಲ, ರಾತ್ರಿ ಕೂಸು ಬಿಡುತ್ತಿರಲಿಲ್ಲ. ಒಂದು ದಿನ ಕುಲಾವಿ ಹೊಲಿದು ಕೊಡಲು ಹೋದೆ. ಕೂಸಿಗೆ ಹಾಲೂಡಿಸುತ್ತ ಕೂತವಳು ಹಾಗೆಯೇ ನಿದ್ದೆಗೆ ಬಿದ್ದಿದ್ದಳು, ಕೂಸು ತೊಡೆಯಿಂದ ಜಾರಿ ಹಾಸಿಗೆಯ ಅಂಚಿಗೆ ಬಂದಿತ್ತು. ನಾನು ಎತ್ತಿಕೊಂಡೆ. ಅವಳಿಗೆ ಎಚ್ಚರವಾಗಿ, ಆದದ್ದು ಗೊತ್ತಾಗಿ, ಕೂಸನ್ನು ಕಿತ್ತುಕೊಂಡು ಅಳತೊಡಗಿದಳು.

"ಭಾನುವಾರ ಬಂದು ಕರ್ಕೊಂಡೋಗ್ರಿ ಅಂತ ಅವ್ರಿಗೆ ಫೋನ್ ಮಾಡ್ದೆ ಅತ್ತೆ," ಎಂದಳು. "ಈ ಮನೇಲಿದ್ರೆ ನಾನೂ ಉಳಿಯಲ್ಲ, ಇದೂ ಉಳಿಯಲ್ಲ."

ಐದು ತಿಂಗಳು ಇರಬೇಕಾದ ಬಾಣಂತಿ ಎರಡು ತಿಂಗಳು ತುಂಬುವ ಮೊದಲೇ ತವರು ಬಿಟ್ಟಳೆಂದರೆ ಊರು ಸುಮ್ಮನಿರುತ್ತದೆಯೇ? ಕೊಟ್ರಕ್ಕ ಅಡುಗೆಮನೆಯಲ್ಲಿ ಕೂತು ಅತ್ತಳು. ಅಳುವಾಗಲೂ ಸದ್ದು ಮಾಡಲಿಲ್ಲ, ಗಂಡ ಮಲಗಿದ್ದ.

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಹಿತ್ತಿಲ ಕಡೆ ಹೋಗಲು ಎದ್ದವಳು ಕಾಂಪೌಂಡಿನ ಆಚೆ ನೋಡಿದೆ. ಪಡಸಾಲೆಯಲ್ಲಿ ದೊಡ್ಡ ಬಲ್ಬು ಉರಿಯುತ್ತಿತ್ತು. ಸ್ವಲ್ಪ ಹೊತ್ತು ನೀನು ಮಲಗು, ನಾನು ನೋಡಿಕೊಳ್ಳುತ್ತೇನೆ ಎಂದು ಏಕಾಂತಣ್ಣ ದಿನವೂ ಮಗಳಿಂದ ಕೂಸನ್ನು ಇಸಿದುಕೊಳ್ಳುತ್ತಿದ್ದ, ಅದನ್ನು ಅವಳೇ ಹೊಗಳಿ ಹೇಳಿದ್ದಳು. ಈಗ ಅವನು ಕಾಲು ಚಾಚಿ ಕೂತಿದ್ದ, ಕೂಸು ಅವನ ಕಾಲ ಮೇಲೆ ಮಲಗಿತ್ತು. ಗೂಡ್ಸ್ ಗಾಡಿಯ ಕಥೆ ನಡೆದಿತ್ತು, ಬೀರೂರು ಕಡೆಯಿಂದ ಬರುವಾಗ ಅದು ಹೇಗೆ ಕೂಗುತ್ತದೆ ಎಂದು ಕೂಗಿಯೂ ತೋರಿಸಿದ. ಕೇಳುತ್ತ ಕೇಳುತ್ತ ಕೂಸಿನ ಕಣ್ಣು ಮುಚ್ಚಿದವು. ಸದ್ಯ, ಬದುಕಿದೆವು ಅಂದುಕೊಂಡೆ. ಅಷ್ಟರಲ್ಲಿ ಈ ಮುದುಕ ಅತ್ತಿತ್ತ ನೋಡಿದ, ಕೂಸಿನ ಅಂಗಾಲಿಗೆ ಬೆರಳಿಟ್ಟ, ಮೆಲ್ಲಗೆ ಕಚಗುಳಿ ಮಾಡಿದ. ಕೂಸು ಬೆಚ್ಚಿ ಕಣ್ಣು ಬಿಟ್ಟಿತು. ಅವನು ನಕ್ಕ.

ನನಗೆ ಬಂದ ಸಿಟ್ಟಿಗೆ ಕಾಂಪೌಂಡ್ ಹಾರಬೇಕಿತ್ತು. ವಯಸ್ಸು ಬಿಡಲಿಲ್ಲ.

ಮರುದಿನ ಸಂಜೆ ಅವನು ಎದ್ದು ಮುಖ ತೊಳೆಯುವುದನ್ನೇ ಕಾದಿದ್ದು ಹಿತ್ತಿಲಲ್ಲಿ ಹಿಡಿದೆ. ಕಚಗುಳಿಯ ವಿಷಯ ಎತ್ತುವ ಮೊದಲೇ, ಕಿಟಕಿ ಮುಚ್ಚಿದ್ದು ನಾನಲ್ಲ ಎಂದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಸುಮ್ಮನೆ ಹೇಳಿಲ್ಲ. ಕಿಟಕಿಯ ವಿಷಯ ನಾನು ಕೇಳಿಯೇ ಇರಲಿಲ್ಲ. ಪಾಪದ ಕೊಟ್ರಕ್ಕ ಲಿಂಗ ಮುಟ್ಟಿ ಆಣೆ ಮಾಡಿದ್ದು ನಿಜವೇ ಆಗಿತ್ತು. ಮೊದಲು ಅವನು ಬಿಸಿಲು ಕೂಸಿನ ಮುಖಕ್ಕೆ ಬೀಳುತ್ತಿತ್ತು ಎಂದ, ಆಮೇಲೆ ಬೆಳಕು ನನ್ನ ಮಂಚದವರೆಗೆ ಬರುತ್ತಿತ್ತು ಎಂದ. ನಾನು ಸೊಂಟಕ್ಕೆ ಕೈಯಿಟ್ಟು ನಿಂತೇ ಇದ್ದೆ. ಕೊನೆಗೆ ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ.

"ನನ್ ಮಗಳು ಎಚ್ಚರಾಗಿದ್ದಾಗ ನಾನು ನೋಡ್ಲೇ ಇಲ್ಲ ಕಣಮ್ಮ," ಎಂದ. "ಅದು ಹೆಂಗ್ ನಗ್ತಿತ್ತು ಅಂತಾನೂ ನಂಗೊತ್ತಿಲ್ಲ. ಇದೊಂದು ಕೂಸು ನನ್ ಹೊತ್ತಿಗೆ ಎದ್ದು ನನ್ ಮುಖ ನೋಡ್ತೈತೆ. ಇದನ್ನೂ ಮಲಗ್ಸಿಬಿಟ್ರೆ ನಂಗ್ಯಾರವ್ರೆ?"

ಸಹನಾ ನಗಲು ನಮ್ಮ ಮನೆಗೆ ಓಡಿ ಬರುತ್ತಿದ್ದ ವಿಷಯ ನನ್ನ ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. ಅದನ್ನು ಹೇಳಿದ್ದರೆ ಮುದುಕ ಅಲ್ಲೇ ಒಡೆದುಹೋಗುತ್ತಿದ್ದ. ಆದರೂ ಸುಮ್ಮನಿರುವ ಹಾಗಿರಲಿಲ್ಲ.

"ಅಣ್ಣ, ನಿನ್ ಮಗಳು ಹಾಲೂಡಿಸ್ತಾ ನಿದ್ದೆ ಹೋಗಿ ಕೂಸು ಕೆಳಗ್ ಬೀಳೋದ್ರಲ್ಲಿತ್ತು," ಎಂದೆ. "ಭಾನುವಾರ ಗಂಟು ಕಟ್ಕೊಂಡು ಹೊಂಟವ್ಳೆ. ಆಮೇಲೆ ರಾತ್ರಿಯೆಲ್ಲ ನೀನೂ ಬಲ್ಬೂ ಇಬ್ರೇ ಮಾತಾಡ್ಕಳ್ರಿ."

ಅವನಿಗೆ ಎರಡೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಮನೆಯಲ್ಲಿ ನಡೆಯುವುದೆಲ್ಲ ಅವನು ಮಲಗಿದ್ದಾಗ ನಡೆಯುತ್ತಿತ್ತು. ಚೊಂಬನ್ನು ಅಲ್ಲೇ ಬಿಟ್ಟು ಒಳಗೆ ಹೋದ. ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಲು ಬಂದಾಗ ಏಕಾಂತಣ್ಣ ಕುರ್ಚಿಯ ಮೇಲೆ ನಿಂತು, ಸುತ್ತಿಗೆಯ ಹಿಂಬದಿಯಿಂದ ಕಿಟಕಿಗಳ ಮೊಳೆ ಕೀಳುತ್ತಿದ್ದ. ಗೋಣಿಚೀಲಗಳು ಒಂದೊಂದಾಗಿ ಬಿದ್ದವು. ಕೊನೆಗೆ ರಿಟೈರ್ಮೆಂಟಿನ ಶಾಲು ಬಿತ್ತು. ಅಷ್ಟು ವರ್ಷದ ಧೂಳು ಒಟ್ಟಿಗೆ ಎದ್ದು ಬೀದಿಯೆಲ್ಲ ಸೀನಿತು. ಒಳಗೆ ಬಿಸಿಲು ಬಿದ್ದ ಮೇಲೆ ಕೊಟ್ರಕ್ಕನಿಗೆ ತನ್ನ ಗೋಡೆಯ ಬಣ್ಣ ಹಸಿರು ಎಂದು ನೆನಪಾಯಿತು. ಗಂಡ ಎಲ್ಲವನ್ನೂ ಒಪ್ಪಿಕೊಂಡನಂತೆ. ಅವಳು ಮಗಳ ಮುಂದೆ ಲಿಂಗವನ್ನು ಮತ್ತೊಮ್ಮೆ ಮುಟ್ಟಿ ತೋರಿಸಿದಳು.

ಭಾನುವಾರ ಗುರುರಾಜ, ಕಾರು ಆಮೇಲೆ ಗೊತ್ತು ಮಾಡಿದರಾಯಿತೆಂದು, ಹೊಸದುರ್ಗದಿಂದ ಬೈಕಿನಲ್ಲಿ ಬಂದ. ಮಾವನ ಮನೆಯ ಕಿಟಕಿ ಬಾಗಿಲೆಲ್ಲ ಹಾರುಹೊಡೆದಿರುವುದನ್ನೂ, ಮಾವ ಹೊರಗೆ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿರುವುದನ್ನೂ ಕಂಡು, ಬೈಕನ್ನು ದೂರದಲ್ಲೇ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು, ನನ್ನ ಹತ್ತಿರ ಬಂದು ಯಾರು ಹೋಗಿದ್ದು ಎಂದು ಮೆಲ್ಲಗೆ ಕೇಳಿದ. ಯಾರೂ ಹೋಗಿಲ್ಲ, ನಿಮ್ಮ ಮಾವ ಎಚ್ಚರವಾಗಿದ್ದಾರೆ ಎಂದೆ. ಅದನ್ನು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಒಳಗೆ ಮಾತುಕತೆಯಾಗಿ, ಮುಂದಿನ ಅಮಾವಾಸ್ಯೆ ಕಳೆಯುವವರೆಗೆ ನೋಡುವುದು, ಆಗದಿದ್ದರೆ ಹೊರಟುಬಿಡುವುದು ಎಂದು ತೀರ್ಮಾನವಾಯಿತು. ಆಗದಿದ್ದರೆ ಎಂಬ ಮಾತು ಬಂದಾಗಲೆಲ್ಲ ಏಕಾಂತಣ್ಣ ಅಳಿಯನ ಬೈಕಿನ ಕಡೆ ನೋಡುತ್ತಿದ್ದನಂತೆ.

ಅಲ್ಲಿಂದ ಆ ಮನೆಯಲ್ಲಿ ಎರಡು ಕೂಸುಗಳಿಗೆ ಪಾಠ ಶುರುವಾಯಿತು. ಅಜ್ಜ ಹಗಲು ಮಲಗಿದರೆ ಮನೆಯೆಲ್ಲ ಹಳೆಯ ಅಭ್ಯಾಸಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ, ರಾತ್ರಿ ಎದ್ದರೆ ಬಲ್ಬು ಹಾಕುತ್ತಾನೆ. ಹಾಗಾಗಿ ಕೂಸು ಕಲಿಯಬೇಕಾದರೆ ಮೊದಲು ಅಜ್ಜ ಕಲಿಯಬೇಕು ಎಂದು ಸಹನಾ ಕಟ್ಟುನಿಟ್ಟು ಮಾಡಿದಳು. ಬೆಳಿಗ್ಗೆ ಇಬ್ಬರಿಗೂ ಎಳೆ ಬಿಸಿಲು. ಹಗಲು ಕೂಸು ಮಲಗಿದರೂ ಕಿಟಕಿ ತೆರೆದೇ ಇರಬೇಕು, ಮಿಕ್ಸಿ ತಿರುಗಬೇಕು. ನನ್ನ ಮಿಷನ್ ಕೂಡ ಮೆರವಣಿಗೆಯಲ್ಲಿ ಅಡುಗೆಮನೆಯಿಂದ ಹಳೆಯ ಜಾಗಕ್ಕೆ ಬಂತು. ಗೋಡೆಗೆ ತಾಗಿಸಿ ಇಟ್ಟು, ಅಗತ್ಯವಿಲ್ಲದಿದ್ದರೂ ಜೋರಾಗಿ ತುಳಿದೆ. ಸಂಜೆಯಾದರೆ ದೊಡ್ಡ ಬಲ್ಬು ಆರಿಸಿ ಸಣ್ಣ ದೀಪ. ಕೂಸು ಎದ್ದರೆ ಹಾಲು ಕುಡಿಸಬೇಕು, ಮಾತಿಲ್ಲ, ಕಥೆಯಿಲ್ಲ, ಗೂಡ್ಸ್ ಗಾಡಿಯಂತೂ ಖಂಡಿತ ಇಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಕೂಸು ದಿನದಿಂದ ದಿನಕ್ಕೆ ಜಾಣೆಯಾಯಿತು, ಅಜ್ಜನೇ ದಡ್ಡ. ಕಟಿಂಗ್ ಶಾಪಿನಲ್ಲಿ ಅರ್ಧ ಗಡ್ಡಕ್ಕೆ ನಿದ್ದೆ ಹೋದ. ಎಬ್ಬಿಸಲು ಮನಸ್ಸು ಬಾರದೆ ಅಂಗಡಿಯವನು ಅವನನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗಿಬಂದ. ಡೈರಿಯ ಸಾಲಿನಲ್ಲಿ ಕ್ಯಾನಿನ ಮೇಲೆ ಗಲ್ಲ ಇಟ್ಟು ನಿಂತೇ ಮಲಗಿದ, ಹಿಂದಿನವರು ಅವನನ್ನು ಸುತ್ತಿಕೊಂಡು ಮುಂದೆ ಹೋದರು. ಬೀದಿಯಲ್ಲಿ ಒಬ್ಬರು ತೀರಿಕೊಂಡಾಗ ಹೆಣದ ಮುಂದೆ ಕೂತು ಮಂಡಿಗೆ ಹಣೆ ಹಚ್ಚಿ ಎಷ್ಟು ಹೊತ್ತಾದರೂ ಏಳಲಿಲ್ಲ. ಮನೆಯವರೇ ಬಂದು ಬೆನ್ನು ಸವರಿ, ಸಮಾಧಾನ ಮಾಡ್ಕಳ್ರಿ, ವಯಸ್ಸಾಗಿತ್ತು ಎಂದು ಇವನಿಗೇ ಧೈರ್ಯ ಹೇಳಿದರು. ಎಷ್ಟು ದೊಡ್ಡ ಮನಸ್ಸು ಎಂದು ಊರು ಇಂದಿಗೂ ಹೊಗಳುತ್ತದೆ.

ಇದಕ್ಕಿಂತ ಚೆನ್ನಾದದ್ದು ಇನ್ನೊಂದು. ಹಗಲು ಮೊದಲ ಸಲ ಅವನು ಕೂಸನ್ನು ಎತ್ತಿಕೊಂಡಾಗ ಅದು ಅವನ ಮುಖ ನೋಡಿ ಕಿರುಚಿತು. ಬಲ್ಬಿನ ಬೆಳಕಿನಲ್ಲಿ, ಮಂಕಿ ಟೋಪಿಯೊಳಗೆ ಇದ್ದ ಮುಖವಷ್ಟೇ ಅದಕ್ಕೆ ಗೊತ್ತಿತ್ತು. ಈ ಬೋಳುತಲೆಯವನು ಯಾರೆಂದು ಪಾಪ ಅದೇನು ಕಂಡಿತ್ತು? ಅವನು ಸುಡು ಮಧ್ಯಾಹ್ನ ಒಳಗೆ ಹೋಗಿ ಟೋಪಿ ಹಾಕಿಕೊಂಡು ಬೆವರು ಸುರಿಸುತ್ತ ಬಂದ. ಕೂಸು ಸುಮ್ಮನಾಯಿತು.

ಅಮಾವಾಸ್ಯೆ ಬರುವ ಹೊತ್ತಿಗೆ ಕೂಸು ದಾರಿಗೆ ಬಂದಿತ್ತು. ರಾತ್ರಿ ಹಾಲಿಗಷ್ಟೇ ಎದ್ದು, ಕುಡಿದು, ಮತ್ತೆ ಮಲಗುತ್ತಿತ್ತು. ಸಹನಾಳ ಕಣ್ಣಿನ ಕೆಳಗಿನ ಕಪ್ಪು ಇಳಿಯಿತು, ಅಮ್ಮನ ಜೊತೆ ಮಾತೂ ಶುರುವಾಯಿತು. ನಮ್ಮ ಗೋಡೆಯ ಈಚೆಯೂ ನಿದ್ದೆ ಬಂತು. ಏಕಾಂತಣ್ಣನಿಗೆ ಮಾತ್ರ ರಾತ್ರಿ ಅರ್ಧ ನಿದ್ದೆ. ಎಚ್ಚರವಾದಾಗ ದೀಪ ಹಾಕದೆ ತೊಟ್ಟಿಲ ಪಕ್ಕ ಹೋಗಿ ಕೂರುತ್ತಿದ್ದನಂತೆ. ಕೂಸಿನ ಪಾದ ದುಪ್ಪಟಿಯಿಂದ ಹೊರಗೆ ಬಂದಿದ್ದರೆ ಒಳಗೆ ಸೇರಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡು ಕೂರುತ್ತಿದ್ದ ಎಂದು ಕೊಟ್ರಕ್ಕ ಹೇಳಿದಳು. ಅದನ್ನು ಕೇಳಿ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಹೋಯಿತು. ಒಗ್ಗರಣೆಯದೊಂದು ಬಿಟ್ಟು.

ಆದರೆ ಕೂಸು ದಾರಿಗೆ ಬಂದದ್ದೇ ಇನ್ನೊಂದು ತೊಡಕಾಯಿತು. ಹೊಸದುರ್ಗದಲ್ಲಿ ಸಹನಾಳ ಅತ್ತೆ ತೊಟ್ಟಿಲು ಇಳಿಸಿ, ತೊಳೆದು, ಬಣ್ಣ ಹೊಡೆಸಿ ಕಾದಿದ್ದರು. ಹೇಗೂ ಒಮ್ಮೆ ಹೊರಟವಳು, ಈಗ ಕೂಸು ರಾತ್ರಿ ಮಲಗುತ್ತದೆ, ಯಾರಿಗೂ ತೊಂದರೆಯಿಲ್ಲ, ಬಂದುಬಿಡಲಿ ಎಂದು ಹೇಳಿ ಕಳಿಸಿದರು. ಸಹನಾ ಆಗಲಿ ಎಂದಿದ್ದಳು. ಏಕಾಂತಣ್ಣ ಕೂಸಿನ ಬಟ್ಟೆ ಮಡಿಸಿಕೊಟ್ಟ. ಮಗಳನ್ನು ಇರು ಎಂದು ಕೇಳಲು ತನಗೆ ಯಾವ ಮುಖವಿದೆ ಎಂದು ಕೊಟ್ರಕ್ಕನ ಹತ್ತಿರ ಅಂದನಂತೆ. ಬಟ್ಟೆಗಳ ಬ್ಯಾಗು ಜಗುಲಿಗೆ ಬಂದಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಕೂಸಿನ ಹೊಸ ಅಂಗಿಗಳನ್ನು ಕೊಡಲು ಹೋದೆ. ಕೂಸು ತೊಟ್ಟಿಲಲ್ಲಿ ಮಲಗಿತ್ತು. ಅಪ್ಪ ಮಗಳು ಎದುರು ಬದುರು ಊಟಕ್ಕೆ ಕೂತಿದ್ದರು. ಅಷ್ಟು ದಿನವೂ ಒಬ್ಬರು ಉಣ್ಣುವಾಗ ಇನ್ನೊಬ್ಬರು ಕೂಸನ್ನು ಹಿಡಿದಿರುತ್ತಿದ್ದರು. ಅವರಿಬ್ಬರೂ ಮಧ್ಯಾಹ್ನ ಒಟ್ಟಿಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಬಾಣಂತಿಗೆಂದು ಕೊಟ್ರಕ್ಕ ಸಾರಿಗೆ ಬೆಳ್ಳುಳ್ಳಿ ಸುರಿದಿದ್ದಳು. ಸಹನಾ ಒಂದೊಂದೇ ಎಸಳು ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ಅವಳದು ಅದೇ ಚಾಳಿ, ಗಂಡನ ಮನೆಯಲ್ಲೂ ಅದಕ್ಕೆ ಬೈಸಿಕೊಳ್ಳುತ್ತಾಳೆ. ಆರಿಸುತ್ತ ಆರಿಸುತ್ತ ತಲೆ ಎತ್ತಿದವಳು ಎದುರಿನ ತಟ್ಟೆ ನೋಡಿದಳು. ಅಲ್ಲಿಯೂ ಅಂಚಿನಲ್ಲಿ ಬೆಳ್ಳುಳ್ಳಿ ಸಾಲಾಗಿ ಕೂತಿತ್ತು.

"ಅಪ್ಪಾ, ನಿಂಗೂ ಬೆಳ್ಳುಳ್ಳಿ ಆಗಲ್ವಾ?" ಎಂದಳು.

"ಚಿಕ್ಕೋನಿದ್ದಾಗಿಂದ ಆಗಲ್ಲ ಕಣವ್ವ," ಎಂದ ಅವನು. "ಡಬ್ಬಿಗೆ ಹಾಕ್ತಿದ್ದದ್ದನ್ನೆಲ್ಲ ಗೇಟ್ ಹತ್ರ ಚೆಲ್ತಿದ್ದೆ. ನಿಮ್ಮಮ್ಮಂಗೆ ಹೇಳ್ಬ್ಯಾಡ."

ಒಳಗಿನಿಂದ ಕೊಟ್ರಕ್ಕ, ನಂಗೆ ಕಿವಿ ಕೇಳ್ತೈತೆ ಎಂದಳು. ಸಹನಾಗೆ ನಗು ಬಂತು. ಅಭ್ಯಾಸಬಲದಿಂದ ಬಾಯಿಗೆ ಕೈ ಹೋಯಿತು, ಮೈ ನನ್ನ ಮನೆಯ ಕಡೆ ತಿರುಗಿತು. ಆಮೇಲೆ ಕೈ ತೆಗೆದು ಅಲ್ಲೇ ಕೂತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಏಕಾಂತಣ್ಣ ತುತ್ತು ಕೈಯಲ್ಲೇ ಹಿಡಿದು ಅವಳ ಮುಖವನ್ನೇ ನೋಡುತ್ತ ಕೂತ. ಆ ನೋಟ ನೋಡಲಾಗದೆ ನಾನು ತೊಟ್ಟಿಲ ಕಡೆ ತಿರುಗಿದೆ.

ಅಷ್ಟರಲ್ಲಿ ಅವಳ ಫೋನು ಬಂತು. ಗುರುರಾಜ. ನಾಳೆ ಎಷ್ಟು ಹೊತ್ತಿಗೆ ಕಾರು ತರಲಿ ಎಂದು ಕೇಳಿರಬೇಕು. ಸಹನಾ ಎಡಗೈಯಲ್ಲಿ ಫೋನು ಹಿಡಿದು, ಎಂಜಲು ಬಲಗೈಯಿಂದ ಇನ್ನೊಂದು ಎಸಳನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಈಗ್ಲೇ ಬ್ಯಾಡ ಕಣ್ರಿ," ಎಂದಳು. "ಐದು ತಿಂಗಳೂ ಇದ್ದು ಬರ್ತೀನಿ. ನಮ್ಮಪ್ಪ ಈಗಿನ್ನೂ ಎದ್ದೈತೆ."